ಕೆಟ್ಟ ನೀರು ತಿಳಿಯಾಗಲು ಎಷ್ಟು ಬೆಳ್ಳಿಹಬ್ಬ ಬೇಕು?



ನಮ್ಮ ಸಂಘ ಇಪ್ಪತ್ತೈದು ವರ್ಷ ತುಂಬಿಸಿದ ಈ ಸಂತೋಷದ ಸಂದರ್ಭದಲ್ಲಿ ಷೇರು, ಸಾಲ, ವಸೂಲಿ, ಲಾಭಾಂಶ ಇವುಗಳ ವಿವರವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ನಾವು ಇಲ್ಲಿ ಹೇಳಹೊರಟಿರುವುದು ಯಾವ ಲೆಡ್ಜರಿನಲ್ಲೂ ಬರೆಯದ ಒಂದು ಆಸ್ತಿಯ ವಿಷಯ. ಅದು ನಮ್ಮ ಕಾಲ ಕೆಳಗಿನ ನೀರು. ಕೆರೆ ಬತ್ತಿದರೆ ಎಲ್ಲರಿಗೂ ಕಾಣುತ್ತೆ. ಭೂಮಿಯೊಳಗಿನ ನೀರು ಕೆಟ್ಟರೆ ಯಾರಿಗೂ ಕಾಣುವುದಿಲ್ಲ. ಕಂಡ ದಿನಕ್ಕೆ ಕಾಲ ಮಿಂಚಿರುತ್ತೆ. ಹಾಗೆ ಕಾಲ ಮಿಂಚಿದ ಮೇಲೆ ನೀರನ್ನು ಶುದ್ಧಮಾಡಲು ಹೊರಟ ಊರುಗಳ ಚರಿತ್ರೆ ಇದು. ನಮ್ಮ ಮರಳೂರಿಗೆ ಅಂಥ ಗತಿ ಬಂದಿದೆ ಎಂದು ನಾವು ಹೇಳುತ್ತಿಲ್ಲ, ಬಾರದಿರಲಿ ಎಂದೇ ಬರೆಯುತ್ತಿದ್ದೇವೆ.

ಸೇದೋ ಬಾವಿಯಿಂದ ಬೋರಿನವರೆಗೆ

ನಮ್ಮ ತಾತಂದಿರ ಕಾಲದಲ್ಲಿ ನೀರು ಅಂದರೆ ಕೆರೆ, ಕಲ್ಯಾಣಿ, ಸೇದೋ ಬಾವಿ. ಹೊಲಕ್ಕೆ ಏತ, ಕಪಿಲೆ. ಬಾವಿಯ ನೀರು ಕೆಟ್ಟರೆ ವಾಸನೆ ಬರೋದು, ಬಣ್ಣ ತಿರುಗೋದು, ಹುಳ ಬೀಳೋದು. ಊರವರು ಸೇರಿ ಹೂಳು ಎತ್ತಿ ಸುಣ್ಣ ಹಾಕಿದರೆ ನಾಲ್ಕು ದಿನಕ್ಕೆ ಸರಿಹೋಗೋದು. ಗಂಗಮ್ಮನ ಪೂಜೆಗೆ ಮುಂಚೆ ಬಾವಿ ತೊಳೆಯುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಆಮೇಲೆ ಬೋರು ಬಂತು. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕೆಳಗಿರುವುದು ಗಟ್ಟಿ ಬಂಡೆ. ಅದರ ಮೇಲ್ಭಾಗದಲ್ಲಿ ಸವೆದು ಪುಡಿಯಾದ ಮಣ್ಣು, ಅದರ ಕೆಳಗೆ ಬಂಡೆಯ ಸೀಳುಗಳು. ನೀರು ಇರುವುದು ಆ ಸೀಳುಗಳಲ್ಲಿ. ಒಂದು ಸೀಳು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಮೇಲೆ ನಿಂತು ಹೇಳಲಾಗದು. ಪಕ್ಕದ ಹೊಲದಲ್ಲಿ ಮೂರಿಂಚು ನೀರು ಬಿದ್ದು ನಮ್ಮ ಹೊಲದಲ್ಲಿ ಬರೀ ಧೂಳು ಎದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ನೀರು ಹೋಗುವ ದಾರಿಯೇ ಹೀಗಿದ್ದ ಮೇಲೆ ನೀರಿನ ಜೊತೆ ಸೇರಿದ ವಿಷ ಹೋಗುವ ದಾರಿಯೂ ಹೀಗೇ. ಇಲ್ಲಿ ಸುರಿದದ್ದು ನೆರೆಯ ಬೋರನ್ನು ಬಿಟ್ಟು ಅದರಾಚೆಯ ಬೋರಿನಲ್ಲಿ ಏಳಬಹುದು.

ಈಗ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ತುಮಕೂರಿನ ನಲ್ಲಿಗಳಿಗೆ ಹರಿಯುತ್ತಿದೆ, ನಿಜ. ಆದರೂ ಬೋರು ನಿಂತಿಲ್ಲ. ಪಟ್ಟಣ ಬೆಳೆದು ಬೆಳೆದು ನಮ್ಮ ಊರನ್ನು ಮುಟ್ಟಿದೆ. ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದಿವೆ. ನಮ್ಮ ಮನೆಗಳ ಹುಡುಗರಿಗೆ ಅವು ಅನ್ನ ಕೊಡುತ್ತಿವೆ. ಅವುಗಳ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಕಾರ್ಖಾನೆಗಳು ನಮಗಿಂತ ಮೊದಲು ಬಂದ ಊರುಗಳಲ್ಲಿ ಏನಾಯಿತು ಅನ್ನೋದು ನಮಗೆ ಗೊತ್ತಿರಬೇಕು.

ನಮ್ಮ ರಸ್ತೆಯಲ್ಲೇ ಇರುವ ಪೀಣ್ಯ

ದೂರ ಹೋಗಬೇಕಿಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರೆಲ್ಲ ಪೀಣ್ಯ ದಾಟಿಯೇ ಹೋಗುತ್ತೇವೆ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಪ್ರದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಅವುಗಳಲ್ಲಿ ಲೋಹಕ್ಕೆ ಕ್ರೋಮಿಯಂ, ನಿಕ್ಕಲ್ ಲೇಪ ಹಾಕುವ ಘಟಕಗಳು ಬಹಳ. ಲೇಪದ ತೊಟ್ಟಿಯ ನೀರು ಚರಂಡಿಗೆ, ಚರಂಡಿಯಿಂದ ಮಣ್ಣಿಗೆ, ಮಣ್ಣಿನಿಂದ ಬೋರಿಗೆ ಇಳಿಯಿತು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಮಿತಿ ಮೀರಿರುವುದನ್ನು ಸರ್ಕಾರಿ ಪರೀಕ್ಷೆಗಳೇ ತೋರಿಸಿದವು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಮಾತ್ರ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಹಾಕಿದಾಗ ಪೀಣ್ಯಕ್ಕೆ 100ಕ್ಕೆ 65.11 ಬಂತು. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಅಂಕ, ಆದರೆ ಇಲ್ಲಿ ಹೆಚ್ಚು ಬಂದಷ್ಟೂ ಕೇಡು.

ಕ್ರೋಮಿಯಂ ಒಂದು ಲೋಹ. ಹೆಚ್ಚಾದರೆ ನೀರು ಹಳದಿ ತಿರುಗಿ ಕಣ್ಣಿಗಾದರೂ ಬೀಳುತ್ತೆ. ಆದರೆ ಲೇಪ ಹಾಕುವ ಮುಂಚೆ ಲೋಹದ ಮೇಲಿನ ಎಣ್ಣೆ ಜಿಡ್ಡು ತೆಗೆಯಬೇಕಲ್ಲ, ಆ ಕೆಲಸಕ್ಕೆ ಬಳಸುವ ದ್ರವಗಳಿವೆ. ಅವು ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಕಥೆಯ ಮುಖ್ಯ ಆರೋಪಿ ಅವೇ.

ದ್ರಾವಕ ಅಂದರೇನು?

ಜಿಡ್ಡು, ಬಣ್ಣ, ಅಂಟು ಇವುಗಳನ್ನು ಕರಗಿಸುವ ದ್ರವಕ್ಕೆ ದ್ರಾವಕ ಅಂತ ಹೆಸರು. ಪೇಂಟಿಗೆ ಬೆರೆಸುವ ಥಿನ್ನರ್ ಒಂದು ದ್ರಾವಕ. ಕಾರ್ಖಾನೆಗಳಲ್ಲಿ ಲೋಹದ ಭಾಗ ತೊಳೆಯಲು, ಲಾಂಡ್ರಿಗಳಲ್ಲಿ ಡ್ರೈಕ್ಲೀನಿಂಗ್ ಮಾಡಲು, ಔಷಧ ತಯಾರಿಸಲು ಬೇರೆ ಬೇರೆ ದ್ರಾವಕ ಬೇಕು. ಅವುಗಳಲ್ಲಿ ಹೆಸರುವಾಸಿಯಾದದ್ದು ಟ್ರೈಕ್ಲೋರೋಎಥಿಲೀನ್. ಜಿಡ್ಡು ತೆಗೆಯುವುದರಲ್ಲಿ ಇದಕ್ಕೆ ಸಮಾನವಿಲ್ಲ, ಬೆಂಕಿ ಸುಲಭವಾಗಿ ಹಿಡಿಯುವುದಿಲ್ಲ, ಬೇಗ ಆರುತ್ತೆ. ಹೀಗಾಗಿ ಇಪ್ಪತ್ತನೇ ಶತಮಾನದಲ್ಲಿ ಜಗತ್ತಿನ ತುಂಬ ಬಳಕೆಗೆ ಬಂತು. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಹಿತ್ತಿಲ ಗುಂಡಿಗೆ ಸುರಿದರು. ಹಾರಿಹೋಗುತ್ತೆ ಬಿಡು ಅಂದುಕೊಂಡರು.

ಹಾರಿಹೋಗದೆ ಉಳಿದದ್ದು ಕೆಳಗಿಳಿಯಿತು. ಸೀಮೆಎಣ್ಣೆ ನೀರಿನ ಮೇಲೆ ತೇಲುತ್ತೆ. ಇದು ಹಾಗಲ್ಲ, ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅಂತರ್ಜಲದ ಮಟ್ಟ ದಾಟಿ, ತಳದ ಬಂಡೆಯವರೆಗೆ ಮುಳುಗಿ, ಸೀಳುಗಳಲ್ಲಿ ಕೂತುಬಿಡುತ್ತೆ. ಅಲ್ಲಿಂದ ಹರಿಯುವ ನೀರಿಗೆ ದಿನಾ ಇಷ್ಟಿಷ್ಟೇ ಕರಗಿ ಸೇರುತ್ತಿರುತ್ತೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇದರ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಅಂದರೆ ಗ್ರಾಮಿನ ಹತ್ತು ಲಕ್ಷ ಭಾಗ ಮಾಡಿ ಐದು ಭಾಗ. ನೀವೇ ಲೆಕ್ಕ ಹಾಕಿ ನೋಡಿ. ಒಂದೇ ಒಂದು ಲೀಟರ್ ಟ್ರೈಕ್ಲೋರೋಎಥಿಲೀನ್ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತರಬಲ್ಲದು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 29 ಸಾವಿರ ಟ್ಯಾಂಕರ್! ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಖಚಿತಪಡಿಸಿತು.

ವೋಬರ್ನಿನ ಎರಡು ಬಾವಿ

ಇಂಥ ನೀರಿನ ವಿಚಾರ ಜಗತ್ತಿಗೆ ಗೊತ್ತಾದದ್ದು ಅಮೆರಿಕದ ವೋಬರ್ನ್ ಎಂಬ ಊರಿನಿಂದ. ಬಾಸ್ಟನ್ ನಗರದ ಉತ್ತರಕ್ಕಿರುವ ಈ ಊರು ಮೊದಲಿನಿಂದಲೂ ಚರ್ಮ ಹದಮಾಡುವುದಕ್ಕೆ ಪ್ರಸಿದ್ಧ. ಊರಿನ ನೀರಿಗಾಗಿ 1964ರಲ್ಲಿ ಮತ್ತು 1967ರಲ್ಲಿ ಎರಡು ಕೊಳವೆಬಾವಿ ಕೊರೆದರು. ಅವಕ್ಕೆ ಜಿ ಮತ್ತು ಎಚ್ ಅಂತ ಹೆಸರು. ನೀರಿಗೆ ಏನೋ ವಾಸನೆ, ಏನೋ ರುಚಿ ಅಂತ ಜನ ಮೊದಲಿನಿಂದಲೂ ದೂರುತ್ತಲೇ ಇದ್ದರು. ಕುಡಿಯಲು ತೊಂದರೆಯಿಲ್ಲ ಅಂತ ಅಧಿಕಾರಿಗಳು ಸಮಾಧಾನ ಹೇಳುತ್ತಲೇ ಇದ್ದರು.

ಆನ್ ಆಂಡರ್ಸನ್ ಎಂಬ ತಾಯಿಯ ಮಗನಿಗೆ 1972ರಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಆಸ್ಪತ್ರೆಗೆ ಅಲೆಯುವಾಗ ಅದೇ ಕಾಯಿಲೆಯ ಮಕ್ಕಳು ತನ್ನ ಊರಿನಿಂದಲೇ ಬರುತ್ತಿರುವುದನ್ನು ಆಕೆ ಗಮನಿಸಿದಳು. ನೀರಿನ ಮೇಲೆ ಅನುಮಾನ ಬಂತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆ ಬಿಡದೆ, ಊರಿನ ಪಾದ್ರಿಯ ಸಹಾಯದಿಂದ ಕಾಯಿಲೆ ಬಿದ್ದ ಮಕ್ಕಳ ಮನೆಗಳನ್ನು ಪಟ್ಟಿ ಮಾಡಿ ಗುರುತು ಹಾಕಿದಳು. 1979ರ ಮೇ ತಿಂಗಳಲ್ಲಿ ಬಾವಿಗಳ ಸಮೀಪ ಯಾರೋ ಎಸೆದುಹೋದ 184 ಡ್ರಮ್ಮುಗಳು ಸಿಕ್ಕಿದವು. ಆಗ ನೀರು ಪರೀಕ್ಷೆ ಮಾಡಿದರೆ ಟ್ರೈಕ್ಲೋರೋಎಥಿಲೀನ್ ಇತ್ತು. ಎರಡೂ ಬಾವಿ ಮುಚ್ಚಿಸಿದರು. ಆಕೆಯ ಮಗ 1981ರಲ್ಲಿ ತೀರಿಕೊಂಡ. 1982ರಲ್ಲಿ ಎಂಟು ಕುಟುಂಬಗಳು ಕೋರ್ಟಿಗೆ ಹೋದವು. 1986ರಲ್ಲಿ ಒಂದು ದೊಡ್ಡ ಕಂಪನಿ 80 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಇನ್ನು ಶುದ್ಧೀಕರಣ. ಕೆಟ್ಟ ಜಾಗಗಳನ್ನು ಕೆಡಿಸಿದವರ ಖರ್ಚಿನಲ್ಲೇ ಶುದ್ಧಮಾಡಿಸುವ ಸೂಪರ್‌ಫಂಡ್ ಕಾಯಿದೆ ಅಮೆರಿಕದಲ್ಲಿ 1980ರಲ್ಲಿ ಬಂತು. ಅದರ ಪಟ್ಟಿಗೆ ವೋಬರ್ನಿನ ಬಾವಿಗಳು 1983ರಲ್ಲಿ ಸೇರಿದವು. 1991ರಲ್ಲಿ ಸಂಬಂಧಪಟ್ಟ ಕಂಪನಿಗಳು ಸುಮಾರು 7 ಕೋಟಿ ಡಾಲರ್ ಹೊರಲು ಒಪ್ಪಿದವು. ಆಮೇಲೆ ನೀರೆತ್ತಿ ಶುದ್ಧಮಾಡುವ ಯಂತ್ರಗಳು ಓಡಿದವು. ಬಾವಿ ಮುಚ್ಚಿ ನಲವತ್ತು ವರ್ಷದ ಮೇಲಾಯಿತು. ಇವತ್ತಿಗೂ ಊರಿನವರು ಆ ಎರಡು ಬಾವಿಯ ನೀರು ಕುಡಿಯುತ್ತಿಲ್ಲ.

ಹೊಗೆಯಿಲ್ಲದ ಕಾರ್ಖಾನೆ

ಚರ್ಮ, ರಾಸಾಯನಿಕ ಅಂದರೆ ಕೊಳಕು, ಕಂಪ್ಯೂಟರ್ ಕಾರ್ಖಾನೆಯಾದರೆ ಏನೂ ಭಯವಿಲ್ಲ ಅನ್ನುವವರಿದ್ದಾರೆ. ನಮ್ಮ ಕಡೆಯ ಮಕ್ಕಳು ಕೆಲಸಕ್ಕೆ ಹೋಗಿರುವ ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯನ್ನೇ ನೋಡಿ. ಅಲ್ಲಿ ಹೊಗೆ ಚಿಮಣಿಯಿಲ್ಲ, ಸುತ್ತ ಹುಲ್ಲುಹಾಸು. 1981ರ ಡಿಸೆಂಬರಿನಲ್ಲಿ ಸ್ಯಾನ್ ಹೋಸೆ ನಗರದ ಫೇರ್‌ಚೈಲ್ಡ್ ಚಿಪ್ ಕಾರ್ಖಾನೆಯಲ್ಲಿ ನೆಲದಡಿಯ ಟ್ಯಾಂಕೊಂದು ಸೋರಿರುವುದು ಪತ್ತೆಯಾಯಿತು. ಚಿಪ್ ತೊಳೆದ ದ್ರಾವಕ ಹತ್ತಾರು ಸಾವಿರ ಗ್ಯಾಲನ್ ಮಣ್ಣಿಗೆ ಇಳಿದು, ಹತ್ತಿರದ ಕುಡಿಯುವ ನೀರಿನ ಬಾವಿಯನ್ನು ಸೇರಿತ್ತು. ಬಾವಿ ಮುಚ್ಚಿದರು. ಆಮೇಲೆ ಒಂದೊಂದೇ ಕಂಪನಿಯ ನೆಲ ಅಗೆದು ನೋಡಿದರೆ ಎಲ್ಲೆಲ್ಲೂ ಇದೇ ಕಥೆ. ಆ ಸಾಂತಾ ಕ್ಲಾರಾ ಜಿಲ್ಲೆಯೊಂದರಲ್ಲೇ 23 ಜಾಗಗಳು ಸೂಪರ್‌ಫಂಡ್ ಪಟ್ಟಿಗೆ ಸೇರಿದವು. ಅಮೆರಿಕದ ಬೇರೆ ಯಾವ ಜಿಲ್ಲೆಯಲ್ಲೂ ಇಷ್ಟಿಲ್ಲ.

ತೊಳೆಯುವುದು ಹೇಗೆ?

ಭೂಮಿಯೊಳಗಿನ ನೀರನ್ನು ತೊಳೆಯುವ ಉಪಾಯಗಳು ಕೇಳಲು ಸರಳ.

ಮೊದಲನೆಯದು, ಕೆಟ್ಟ ನೀರನ್ನು ಪಂಪಿನಿಂದ ಮೇಲೆತ್ತಿ ಎತ್ತರದ ಗೋಪುರದಿಂದ ಕೆಳಕ್ಕೆ ಸುರಿಸಿ, ಕೆಳಗಿನಿಂದ ಗಾಳಿ ಊದುವುದು. ಕಾಫಿ ಆರಿಸಲು ಲೋಟದಿಂದ ಲೋಟಕ್ಕೆ ಎತ್ತಿ ಸುರಿಯುತ್ತೇವಲ್ಲ, ಹಾಗೆ. ದ್ರಾವಕ ಗಾಳಿಗೆ ಹಾರುತ್ತೆ. ಉಳಿದದ್ದನ್ನು ಹದಮಾಡಿದ ಇದ್ದಿಲಿನ ಮೂಲಕ ಹಾಯಿಸಿದರೆ ಇದ್ದಿಲು ಹೀರಿಕೊಳ್ಳುತ್ತೆ. ಎರಡನೆಯದು, ಒಣ ಮಣ್ಣಿನೊಳಗೆ ಕೊಳವೆ ಇಳಿಸಿ ಅಲ್ಲಿನ ಆವಿಯನ್ನು ಎಳೆದು ತೆಗೆಯುವುದು. ಮೂರನೆಯದು, ನೀರು ಹರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿ ಕಬ್ಬಿಣದ ಚೂರು ತುಂಬುವುದು. ಕಬ್ಬಿಣ ತುಕ್ಕು ಹಿಡಿಯುತ್ತಾ ದ್ರಾವಕವನ್ನು ಮುರಿಯುತ್ತೆ. ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಹಳೆಯ ಚಿಪ್ ಕಾರ್ಖಾನೆಯ ನೆಲದಲ್ಲಿ 1995ರ ಸುಮಾರಿಗೆ ಇಂಥ ಗೋಡೆ ಹಾಕಿದರು.

ನಾಲ್ಕನೆಯದು ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಹಾಲಿಗೆ ಹೆಪ್ಪು ಹಾಕಿದ ಹಾಗೆ ನೆಲದೊಳಕ್ಕೆ ಸೂಕ್ಷ್ಮಜೀವಿ ಬಿಡುವುದು. ಅವಕ್ಕೆ ಆಹಾರವಾಗಿ ಕಾಕಂಬಿ ಅಥವಾ ಅಡುಗೆ ಎಣ್ಣೆ ಇಳಿಸುತ್ತಾರೆ. ದ್ರಾವಕವನ್ನು ಪೂರ್ತಿಯಾಗಿ ಮುರಿದು ನಿರಪಾಯ ಮಾಡುವ ಅಂಥ ಒಂದು ಜೀವಿಯನ್ನು ಅಮೆರಿಕದ ವಿಜ್ಞಾನಿಗಳು 1997ರಲ್ಲಿ ವರದಿ ಮಾಡಿದರು. ಆದರೆ ಹೆಪ್ಪು ಸರಿಯಾಗಿ ಕೂರಬೇಕು. ಕೆಲಸ ಅರ್ಧಕ್ಕೆ ನಿಂತರೆ ವಿನೈಲ್ ಕ್ಲೋರೈಡ್ ಎಂಬ, ಮೊದಲಿನದಕ್ಕಿಂತ ಕೆಟ್ಟ ವಿಷ ಉಳಿಯುತ್ತೆ.

ಫಲ ಎಷ್ಟು? 1994ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ನೀರೆತ್ತಿ ಶುದ್ಧಮಾಡುತ್ತಿದ್ದ 77 ಜಾಗಗಳ ಲೆಕ್ಕ ತೆಗೆಯಿತು. ಗುರಿ ಮುಟ್ಟಿದ್ದು 8 ಕಡೆ ಮಾತ್ರ. ಕಾರಣ ಇಷ್ಟೆ. ಜಿಡ್ಡು ಹಿಡಿದ ಬಟ್ಟೆಯನ್ನು ಎಷ್ಟು ಸಲ ಜಾಲಿಸಿದರೂ ಮತ್ತೆ ಜಿಡ್ಡು ಬಿಡುವ ಹಾಗೆ, ಜೇಡಿಯ ಒಳಗೂ ಬಂಡೆಯ ಸೀಳಿನೊಳಗೂ ಕೂತ ದ್ರಾವಕ ವರ್ಷಗಟ್ಟಲೆ ಹೊರಬರುತ್ತಲೇ ಇರುತ್ತೆ. ಪಂಪು ನಿಲ್ಲಿಸಿದರೆ ಮತ್ತೆ ನೀರಿನಲ್ಲಿ ಏರುತ್ತೆ. ಹಾಗಂತ ಶುದ್ಧೀಕರಣ ದಂಡವಲ್ಲ. ವಿಷ ಮುಂದಿನ ಊರಿಗೆ ಹರಡದಂತೆ ತಡೆಯುತ್ತೆ, ಪ್ರಮಾಣ ಇಳಿಸುತ್ತೆ. ಆದರೆ ಅಪರಾಧಕ್ಕೆ ಒಂದು ವರ್ಷ ಸಾಕಾದರೆ ಪ್ರಾಯಶ್ಚಿತ್ತಕ್ಕೆ ಐವತ್ತು ವರ್ಷ. ನಮ್ಮ ಸಂಘಕ್ಕೆ ಬೆಳ್ಳಿಹಬ್ಬ ಆಗುವಷ್ಟು ಕಾಲದಲ್ಲಿ ಕೆಟ್ಟ ಬಾವಿಯೊಂದು ಅರ್ಧ ದಾರಿ ಬಂದರೆ ಅದೇ ಪುಣ್ಯ.

ನಮ್ಮ ದೇಶದ ಲೆಕ್ಕ

ಅವರದು ದುಡ್ಡಿರುವ ದೇಶ. ನಮ್ಮಲ್ಲಿ ಏನಾಯಿತು?

ರಾಜಸ್ಥಾನದ ಉದಯಪುರದ ಬಳಿ ಬಿಚ್ಚಡಿ ಎಂಬ ಹಳ್ಳಿ. 1980ರ ದಶಕದ ಕೊನೆಗೆ ಅಲ್ಲಿ ಬಣ್ಣಕ್ಕೆ ಬೇಕಾದ ಎಚ್-ಆಸಿಡ್ ತಯಾರಿಸಿದ ಕಾರ್ಖಾನೆಗಳ ಕೆಸರು ನೆಲಕ್ಕಿಳಿದು ಬಾವಿಗಳ ನೀರು ಕೆಂಪಾಯಿತು. ಇದು ದ್ರಾವಕವಲ್ಲ, ಆದರೆ ನಮ್ಮ ಕಾನೂನಿಗೆ ಮುಖ್ಯವಾದ ಮೊಕದ್ದಮೆ. ಕೆಡಿಸಿದವನೇ ತೊಳೆಯುವ ಖರ್ಚು ಕೊಡಬೇಕು ಎಂದು ಸುಪ್ರೀಂ ಕೋರ್ಟು 1996ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಮೊತ್ತ 37.385 ಕೋಟಿ ರೂಪಾಯಿ ಅಂತ ನಿಗದಿಯಾಯಿತು. ಕಂಪನಿಗಳು ಅರ್ಜಿ ಮೇಲೆ ಅರ್ಜಿ ಹಾಕಿ ಎಳೆದವು. ಕೊನೆಗೆ 2011ರಲ್ಲಿ ಚಕ್ರಬಡ್ಡಿ ಸಮೇತ ಕಟ್ಟಬೇಕೆಂದು ಅದೇ ಕೋರ್ಟು ಹೇಳಬೇಕಾಯಿತು. ತೀರ್ಪಿಗೂ ಈ ಮಾತಿಗೂ ನಡುವೆ ಹದಿನೈದು ವರ್ಷ.

ನಮ್ಮ ಬೀದರದ ಪಕ್ಕದಲ್ಲೇ ತೆಲಂಗಾಣದ ಪಟಾನ್‌ಚೆರು. 1970ರ ದಶಕದಿಂದ ಅಲ್ಲಿ ಔಷಧ ಕಾರ್ಖಾನೆಗಳು ಬೆಳೆದವು. ಔಷಧ ತಯಾರಿಕೆಗೆ ದ್ರಾವಕ ಬೇಕೇ ಬೇಕು. ಹೊಲಸು ನೀರು ಹಳ್ಳಗಳಿಗೆ ಹರಿದು ಸುತ್ತಲ ಹಳ್ಳಿಗಳ ಬಾವಿ, ಕೆರೆ, ಗದ್ದೆ ಕೆಟ್ಟವು. 1990ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಹಳ್ಳಿಗಳಿಗೆ ಬೇರೆ ಕಡೆಯಿಂದ ಕುಡಿಯುವ ನೀರು ಕೊಡಿಸಲು, ರೈತರಿಗೆ ಪರಿಹಾರ ಕೊಡಿಸಲು ಆದೇಶವಾಯಿತು. ಎಲ್ಲರೂ ಸೇರಿ ಬಳಸುವ ಶುದ್ಧೀಕರಣ ಘಟಕವೂ ಬಂತು. ಆ ಘಟಕದಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ವರದಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಸಿಪ್ರೋಫ್ಲಾಕ್ಸಾಸಿನ್ ಎಂಬ ಔಷಧವೊಂದೇ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಘಟಕ ಕಟ್ಟಿದ ಮಾತ್ರಕ್ಕೆ ನೀರು ಶುದ್ಧವಾಯಿತು ಅಂತಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ಮೂರನೆಯದು ಭೋಪಾಲ. 1984ರ ಡಿಸೆಂಬರಿನ ವಿಷಾನಿಲ ಎಲ್ಲರಿಗೂ ಗೊತ್ತು. ಅಲ್ಲಿ ಎರಡನೇ ದುರಂತವೊಂದು ಇರುವುದು ಬಹಳ ಜನಕ್ಕೆ ಗೊತ್ತಿಲ್ಲ. ಯೂನಿಯನ್ ಕಾರ್ಬೈಡ್ ಕಾರ್ಖಾನೆ 1969ರಿಂದ ತನ್ನ ಆವರಣದಲ್ಲೂ ಹತ್ತಿರದ ಕೊಳಗಳಲ್ಲೂ ಕಸ ಹಾಕಿತ್ತು. 1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಸುತ್ತಲಿನ ಅಂತರ್ಜಲದಲ್ಲಿ ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್, ಟ್ರೈಕ್ಲೋರೋಎಥಿಲೀನ್ ಸಿಕ್ಕವು. ಗಾಳಿಯಿಂದ ಬದುಕುಳಿದವರು ನೀರಿನಿಂದ ನರಳುವಂತಾಯಿತು. 2004ರಲ್ಲಿ ಸುಪ್ರೀಂ ಕೋರ್ಟು ಆ ಬಡಾವಣೆಗಳಿಗೆ ಶುದ್ಧ ನೀರು ಕೊಡಬೇಕೆಂದು ಆದೇಶಿಸಿತು. ಆವರಣದಲ್ಲಿ ಉಳಿದಿದ್ದ 337 ಟನ್ ಕಸವನ್ನು 2025ರ ಜನವರಿಯಲ್ಲಿ ಪೀತಂಪುರಕ್ಕೆ ಸಾಗಿಸಿ ಜೂನ್ ಹೊತ್ತಿಗೆ ಸುಟ್ಟರು. ಗೋಡೌನಿನ ಕಸ ಸುಡಲು ನಲವತ್ತು ವರ್ಷ. ನೆಲದೊಳಗಿನ ನೀರಿನ ಸರದಿ ಇನ್ನೂ ಬಂದಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಮ್ಮಲ್ಲಿ ಗಾದೆ. ಈ ಊರುಗಳದೆಲ್ಲ ಅದೇ ಕಥೆ. ನಮ್ಮ ಕೋಟೆ ಬಾಗಿಲು ಇನ್ನೂ ನಮ್ಮ ಕೈಯಲ್ಲಿದೆ.

ನಮ್ಮ ಕೈಲಾಗುವುದೇನು?

ನೀರಿನ ಮಾಲಿನ್ಯ ತಡೆಯುವ ಕಾಯಿದೆ 1974ರಲ್ಲಿ ಬಂತು, ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದೇ ವರ್ಷ ಹುಟ್ಟಿತು. 2010ರ ಕಾಯಿದೆಯಿಂದ ಹಸಿರು ನ್ಯಾಯಮಂಡಳಿ ಬಂತು. ಕೆಟ್ಟ ಜಾಗಗಳನ್ನು ಗುರುತಿಸಿ ಶುದ್ಧಮಾಡಿಸುವ ಕೇಂದ್ರದ ನಿಯಮಗಳು 2025ರ ಜುಲೈನಲ್ಲಿ ಹೊರಬಿದ್ದಿವೆ. ಕಾನೂನಿಗೆ ಬರವಿಲ್ಲ. ಆದರೆ ವೋಬರ್ನಿನಿಂದ ಭೋಪಾಲದವರೆಗೆ ಒಂದು ಮಾತು ಎಲ್ಲ ಕಡೆ ಸಮಾನ. ಊರಿನವರು ಎದ್ದು ಪರೀಕ್ಷೆ ಕೇಳುವವರೆಗೆ ಯಾವ ಕಾನೂನೂ ತಾನಾಗಿ ಬಾವಿಯ ಹತ್ತಿರ ನಡೆದುಬರಲಿಲ್ಲ. ಆದ್ದರಿಂದ ನಮಗೆ ತೋಚಿದ ಕೆಲವು ಮಾತು ಸದಸ್ಯರ ಮುಂದಿಡುತ್ತೇವೆ.

ಒಂದು. ಬತ್ತಿದ ಬೋರಿನ ಬಾಯಿ ಭದ್ರವಾಗಿ ಮುಚ್ಚಿಸಿ. ಮಕ್ಕಳು ಬೀಳುತ್ತಾರೆಂಬ ಭಯ ಒಂದಾದರೆ, ಯಾರಾದರೂ ರಾತ್ರಿ ಟ್ಯಾಂಕರ್ ತಂದು ಅದಕ್ಕೆ ಸುರಿದರೆ ವಿಷ ಮಣ್ಣಿನಲ್ಲಿ ಸೋಸದೆ ನೇರವಾಗಿ ಬಂಡೆಯ ಸೀಳಿಗೆ ಇಳಿಯುತ್ತೆ ಎಂಬುದು ಇನ್ನೊಂದು.

ಎರಡು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಹಳೆ ಡ್ರಮ್ಮಿನಲ್ಲಿ ಕುಡಿಯುವ ನೀರು ತುಂಬಬೇಡಿ, ದನಕ್ಕೂ ಕುಡಿಸಬೇಡಿ. ಅದರಲ್ಲಿ ಮೊದಲು ಏನಿತ್ತೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅದನ್ನು ಕೆರೆ ಏರಿಯ ಹತ್ತಿರ, ಬಾವಿಯ ಹತ್ತಿರ ತೊಳೆಯಲೇಬೇಡಿ.

ಮೂರು. ಗ್ಯಾರೇಜು, ಪೇಂಟ್ ಅಂಗಡಿ, ವೆಲ್ಡಿಂಗ್ ಶೆಡ್ಡು ಇಟ್ಟಿರುವ ನಮ್ಮವರೇ ಇದ್ದಾರೆ. ಹಳೆ ಥಿನ್ನರ್, ಜಿಡ್ಡು ತೊಳೆದ ದ್ರವ ಚರಂಡಿಗೆ ಚೆಲ್ಲುವುದು ನಿಲ್ಲಬೇಕು. ದೊಡ್ಡ ಕಾರ್ಖಾನೆಯನ್ನು ಪ್ರಶ್ನಿಸುವ ಹಕ್ಕು ಅಲ್ಲಿಂದ ಶುರುವಾಗುತ್ತೆ.

ನಾಲ್ಕು. ನೀರಿನ ಮಾಮೂಲು ಪರೀಕ್ಷೆಯಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್ ಗೊತ್ತಾಗುತ್ತೆ, ದ್ರಾವಕ ಗೊತ್ತಾಗುವುದಿಲ್ಲ. ಅದಕ್ಕೆ ಗ್ಯಾಸ್ ಕ್ರೊಮಟೋಗ್ರಫಿ ಎಂಬ ಬೇರೆ ಪರೀಕ್ಷೆ ಇದೆ. ಪ್ರಯೋಗಾಲಯದವರು ಕೊಡುವ ಗಾಜಿನ ಸೀಸೆಯಲ್ಲಿ ಗಾಳಿಗುಳ್ಳೆ ಇಲ್ಲದಂತೆ ತುಂಬ ನೀರು ಹಿಡಿದು, ತಣ್ಣಗಿಟ್ಟು ಬೇಗ ತಲುಪಿಸಬೇಕು. ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿ ಕಳಿಸಿದರೆ ದ್ರಾವಕ ದಾರಿಯಲ್ಲೇ ಹಾರಿಹೋಗಿ ವರದಿ ಚೆನ್ನಾಗಿ ಬರುತ್ತೆ! ಇನ್ನು ಇಂಥ ನೀರನ್ನು ಕುದಿಸಿ ಕುಡಿದರಾಯಿತು ಅನ್ನುವುದೂ ತಪ್ಪು. ಕುದಿಸಿದಾಗ ಆವಿ ಅಡುಗೆಮನೆಯಲ್ಲೇ ತುಂಬಿಕೊಳ್ಳುತ್ತೆ.

ಐದು, ಇದೇ ಮುಖ್ಯ. ಸಂಘದಲ್ಲಿ ಸಾಲದ ಪುಸ್ತಕ ಇಟ್ಟ ಹಾಗೆ ಒಂದು ನೀರಿನ ಪುಸ್ತಕ ಇಡೋಣ. ಊರಿನ ಪ್ರತಿ ಬಾವಿ, ಪ್ರತಿ ಬೋರಿಗೆ ಒಂದು ಪುಟ. ಯಾವಾಗ ಕೊರೆದದ್ದು, ಎಷ್ಟು ಅಡಿ, ಯಾವಾಗ ಪರೀಕ್ಷೆ, ಫಲಿತಾಂಶ ಏನು, ಬಣ್ಣ ವಾಸನೆ ಬದಲಾಗಿದ್ದರೆ ಯಾವ ತಿಂಗಳಿನಿಂದ. ಆನ್ ಆಂಡರ್ಸನ್ ಗುರುತು ಹಾಕಿಟ್ಟಿದ್ದ ಮನೆಗಳ ಪಟ್ಟಿಯಂತೆ ಈ ಪುಸ್ತಕ ನಾಳೆ ಮಂಡಳಿಯ ಮುಂದೆ, ಕೋರ್ಟಿನ ಮುಂದೆ ಸಾಕ್ಷಿಯಾಗುತ್ತೆ. ನೀರು ಚೆನ್ನಾಗಿದ್ದಾಗ ಮಾಡಿಸಿದ ಪರೀಕ್ಷೆಯ ಕಾಗದ ಇಲ್ಲದಿದ್ದರೆ, ನಿಮ್ಮ ನೀರು ಮೊದಲಿನಿಂದಲೂ ಹೀಗೇ ಇತ್ತು ಎಂದು ಹೇಳುವವರಿಗೆ ನಾವು ಏನು ಉತ್ತರ ಕೊಡೋಣ? ದ್ರಾವಕದ ಪರೀಕ್ಷೆ ಒಬ್ಬ ರೈತನಿಗೆ ಭಾರ. ಸಂಘದ ಲಾಭದಲ್ಲಿ ವರ್ಷಕ್ಕೆ ಇಷ್ಟು ಅಂತ ತೆಗೆದಿಟ್ಟರೆ ಯಾರಿಗೂ ಭಾರವಲ್ಲ.

ಭಾರತದ ಮೊದಲ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ನಾಡಿನಲ್ಲೇ, ಗದಗದ ಬಳಿಯ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರು ಮುಂದೆ ನಿಂತು ಕಟ್ಟಿದ ಆ ಸಂಘದ ತತ್ವ ಸರಳ. ಒಬ್ಬೊಬ್ಬರ ಕೈಲಾಗದ್ದು ಎಲ್ಲರೂ ಸೇರಿದರೆ ಆಗುತ್ತೆ. ಹಣಕ್ಕೆ ಸಲ್ಲುವ ಈ ಮಾತು ನೀರಿಗೆ ಇನ್ನೂ ಹೆಚ್ಚು ಸಲ್ಲುತ್ತೆ, ಯಾಕೆಂದರೆ ಬಂಡೆಯ ಸೀಳಿಗೆ ನಮ್ಮ ಹೊಲದ ಬದು ಗೊತ್ತಿಲ್ಲ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನೀರಿನ ಪುಸ್ತಕದ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ. ಸದಸ್ಯರು ತಮ್ಮ ತಮ್ಮ ಬಾವಿ, ಬೋರುಗಳ ವಿವರ ಬರೆದು ತಂದರೆ ಮೊದಲ ಪುಟ ಅವತ್ತೇ ತುಂಬಬಹುದು.